ಬೇಸ್‌ಮೆಂಟಿನ ನಾಲ್ಕು ಗಿಡ: ಕೇಳಿದ ತಮ್ಮನಿಗೆ

ತಮ್ಮಾ, ನೀನು ಕೇಳಿದ್ದು ಇಷ್ಟು. ಕೆನಡಾದ ಒಂಟಾರಿಯೋಗೆ ಬಂದು ಎರಡು ತಿಂಗಳಾಯಿತು, ಸಕಲೇಶಪುರ ಕಡೆಯ ಮೂವರು ಹುಡುಗರು ಸೇರಿ ಒಂದು ಬೇಸ್‌ಮೆಂಟ್ ಬಾಡಿಗೆಗೆ ಹಿಡಿದಿದ್ದೀರಿ, ಇಲ್ಲಿ ಮನೆಯಲ್ಲೇ ಗಾಂಜಾ ಬೆಳೆಸಬಹುದಂತೆ ನಿಜವಾ, ತಲೆಗೆ ನಾಲ್ಕರಂತೆ ಹನ್ನೆರಡು ಗಿಡ ಹಾಕಬಹುದಾ, ಲೈಟ್ ಯಾವುದು, ಕೊಯ್ದ ಮೇಲೆ ಒಣಗಿಸುವುದು ಹೇಗೆ. ಓದಿ ಮೊದಲು ನಗು ಬಂತು. ಊರಲ್ಲಿ ಇದನ್ನೆಲ್ಲ ಯಾರೂ ಬರೆದು ಕೇಳುವುದಿಲ್ಲ, ಅಲ್ವಾ?

ನಾನು ಬಂದಿದ್ದು 2009ರ ಮಾರ್ಚ್‌ನಲ್ಲಿ. ಮೊದಲ ವಾರ ಬಸ್‌ಸ್ಟಾಪಿನಲ್ಲಿ ಏನೋ ಘಾಟು ವಾಸನೆ. ರೂಮಿನಲ್ಲಿದ್ದ ಪಂಜಾಬಿ ಹುಡುಗ, ಅದು ಸ್ಕಂಕ್ ಅನ್ನುವ ಪ್ರಾಣಿಯದು, ಹೆದರಿದರೆ ಹಾಗೆ ವಾಸನೆ ಬಿಡುತ್ತದೆ ಎಂದ. ನಂಬಿದೆ. ಅದರಲ್ಲಿ ಅರ್ಧ ವಾಸನೆ ಕೆಳಗಿನ ಮನೆಯ ಹುಡುಗರದು ಎಂದು ಗೊತ್ತಾಗಲು ಎರಡು ತಿಂಗಳು ಬೇಕಾಯಿತು. ಆಗ ಇಲ್ಲೂ ಅದು ಅಪರಾಧವೇ. ಕಾನೂನು ಬದಲಾಗಿದ್ದು 2018ರ ಅಕ್ಟೋಬರ್ 17ಕ್ಕೆ.

ಈಗ ನಿನ್ನ ಹನ್ನೆರಡರ ಲೆಕ್ಕ. ಅದು ತಪ್ಪು. ನಾಲ್ಕು ಅನ್ನುವುದು ಮನೆಗೆ, ತಲೆಗಲ್ಲ. ಮೂವರಿದ್ದರೂ ನಾಲ್ಕೇ, ಹತ್ತು ಜನ ಇದ್ದರೂ ನಾಲ್ಕೇ. ಬಾಡಿಗೆ ಕರಾರಿನಲ್ಲಿ ಬೇಡ ಎಂದು ಬರೆದಿದ್ದರೆ ಅದೂ ಇಲ್ಲ, ಮೊದಲು ಅದನ್ನು ಓದು. ಒಂಟಾರಿಯೋದಲ್ಲಿ 19 ತುಂಬಿರಬೇಕು. ಪಕ್ಕದ ಕ್ವೆಬೆಕ್‌ನಲ್ಲಿ ಮನೆಯಲ್ಲಿ ಬೆಳೆಸುವಂತೆಯೇ ಇಲ್ಲ. ಹೆಚ್ಚು ಹಾಕಿದರೆ ಬರೀ ದಂಡ ಎಂದು ಗೆಳೆಯರು ಹೇಳುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡ. ಕಾನೂನಿನಲ್ಲಿ ಅದಕ್ಕೆ ಗರಿಷ್ಠ 14 ವರ್ಷ ಶಿಕ್ಷೆ ಇದೆ. ಇಲ್ಲೇ ಹುಟ್ಟಿದವನಿಗೆ ಕೋರ್ಟಿನಲ್ಲೇ ಮುಗಿಯಬಹುದಾದ ಕೇಸು ವರ್ಕ್ ಪರ್ಮಿಟ್ ಇರುವ ನಿನ್ನನ್ನು ವಿಮಾನ ಹತ್ತಿಸಬಹುದು. ಅಪ್ಪ ತೋಟದ ಮೇಲೆ ಸಾಲ ಮಾಡಿ ಕಳಿಸಿರುತ್ತಾರೆ, ನಾಲ್ಕು ಗಿಡ ಜಾಸ್ತಿ ಆಯಿತು ಎಂದು ವಾಪಸ್ ಹೋಗಿ ಏನು ಹೇಳುತ್ತೀಯ? ಇನ್ನು ಊರಿಗೆ ಬರುವಾಗ ಬ್ಯಾಗಿನಲ್ಲಿ ಒಂದು ಎಸಳೂ ಇರಬಾರದು. ಅಮೆರಿಕದ ಗಡಿ ದಾಟುವಾಗಲೂ ಅಷ್ಟೇ.

ಲೈಟ್ ಎಲ್‌ಇಡಿ ಸಾಕು. ಬೆಳೆಯುವಾಗ ದಿನಕ್ಕೆ 18 ಗಂಟೆ ಬೆಳಕು, ಹೂ ಬಿಡಿಸಲು 12 ಗಂಟೆ ಬೆಳಕು 12 ಗಂಟೆ ಕತ್ತಲೆ. ವಾಸನೆಗೆ ಕಾರ್ಬನ್ ಫಿಲ್ಟರ್. ಮಿಕ್ಕಿದ್ದಕ್ಕೆ ಸಾವಿರ ವೀಡಿಯೊ ಇವೆ.

ಒಣಗಿಸುವುದರ ಬಗ್ಗೆ ಮಾತ್ರ ನಾನೇ ಹೇಳಬೇಕು, ಯಾಕೆಂದರೆ ಮರ್ಯಾದೆ ಹೋಗಿದ್ದು ಅಲ್ಲೇ. ಮೂಡಿಗೆರೆ ಹತ್ತಿರ ನಮ್ಮದು ನಾಲ್ಕು ಎಕರೆ ರೊಬಸ್ಟಾ ಕಾಫಿ. ಕಣದಲ್ಲಿ ಹಣ್ಣು ಹರಡಿ, ಕೈಯಾಡಿಸಿ, ಸಂಜೆ ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿ ಬೆಳೆದವನು ನಾನು. ನಿನಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಹಿಡಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು, ಅಲ್ಲಿಯವರೆಗೆ ಮೂಟೆ ಕಟ್ಟುವಂತಿಲ್ಲ. ಇಷ್ಟು ಗೊತ್ತಿದ್ದೂ ನಾನು 2022ರಲ್ಲಿ ಏನು ಮಾಡಿದೆ ಕೇಳು.

ಆ ವರ್ಷ ಅಮ್ಮ ಕುಯ್ಲು ಮುಗಿಸಿ ಮಾರ್ಚ್‌ನಲ್ಲಿ ಬರುವವಳಿದ್ದಳು. ನನ್ನ ಗಿಡ ಕೊಯ್ಲಿಗೆ ಬಂದಿದ್ದು ಅವಳು ಬರುವುದಕ್ಕೆ ಆರು ದಿನ ಮೊದಲು. ಕತ್ತಲೆ ಕೋಣೆಯಲ್ಲಿ ಕೊಂಬೆ ತಲೆಕೆಳಗೆ ನೇತುಹಾಕಿ, 18-20 ಡಿಗ್ರಿಯಲ್ಲಿ, ಗಾಳಿಯ ತೇವ ಶೇಕಡಾ 55-60 ಇಟ್ಟುಕೊಂಡು ಒಂದರಿಂದ ಎರಡು ವಾರ ಕಾಯಬೇಕು. ಸಣ್ಣ ಕಡ್ಡಿ ಬಾಗದೆ ಟಕ್ ಅಂತ ಮುರಿಯಬೇಕು. ಆಮೇಲೆ ಗಾಜಿನ ಜಾಡಿ, ಅದನ್ನೂ ಮೊದಲ ಎರಡು ವಾರ ದಿನಾ ಒಮ್ಮೆ ತೆರೆದು ಗಾಳಿಯಾಡಿಸಬೇಕು. ನಾನು ಹೀಟರ್ ಪಕ್ಕ ನೇತುಹಾಕಿದೆ. ಚಳಿಗಾಲದಲ್ಲಿ ಇಲ್ಲಿ ಹೀಟರ್ ಹಾಕಿದ ಮನೆಯ ಗಾಳಿ ಎಷ್ಟು ಒಣ ಅಂದರೆ ತುಟಿ ಒಡೆದು ರಕ್ತ ಬರುತ್ತದೆ. ಮೂರೇ ದಿನಕ್ಕೆ ಹೂವೆಲ್ಲ ಗರಿಗರಿ. ಜಾಡಿಗೆ ತುಂಬಿ, ಬಿಗಿಯಾಗಿ ಮುಚ್ಚಿ, ಗಿಡ ಬೆಳೆಸಿದ್ದ ಟೆಂಟ್ ಮಡಚಿ, ಊದುಬತ್ತಿ ಹಚ್ಚಿ ಏರ್‌ಪೋರ್ಟಿಗೆ ಹೋದೆ.

ಬಂದು ಹದಿನೈದು ದಿನಕ್ಕೆ ಅಮ್ಮ ಉಪ್ಪಿನಕಾಯಿ ಇಡಲು ಖಾಲಿ ಜಾಡಿ ಹುಡುಕುತ್ತಾ ಕೆಳಗೆ ಇಳಿದಳು. ನಾನು ಹೋಗುವಷ್ಟರಲ್ಲಿ ಮುಚ್ಚಳ ತೆರೆದಾಗಿತ್ತು. ಇದು ಏನು ಎಂದು ಅವಳು ಕೇಳಲಿಲ್ಲ. ಒಂದು ಹೂ ತೆಗೆದು ಬೆರಳಲ್ಲಿ ಮುರಿದು ಮೂಗಿನ ಹತ್ತಿರ ಹಿಡಿದಳು. "ಮೇಲೆ ಗರಿಗರಿ, ಒಳಗೆ ಹಸಿ. ಬೂಷ್ಟು ಹಿಡಿದೈತೆ ನೋಡು. ಯಾಕೋ ಇಷ್ಟು ಅವಸರ ಮಾಡ್ದೆ?" ಒಳಗೆ ಬಿಳಿ ನೂಲಿನಂತೆ ನಿಜವಾಗಲೂ ಹಿಡಿದಿತ್ತು. ಹೊರಗೆ ಬೇಗ ಒಣಗಿದ ಹೂವಿನ ಒಳಗಿನ ನೀರು ಜಾಡಿಯೊಳಗೆ ಮತ್ತೆ ಹೊರಗೆ ಬರುತ್ತದೆ, ಅಷ್ಟೇ ಸಾಕು. ಅಂಥದ್ದನ್ನು ಬಿಸಿಲಿಗೆ ಹಾಕಿ ಉಳಿಸೋಣ ಅಂತ ಹೋಗಬೇಡ, ಬೂಷ್ಟು ಎಳೆದರೆ ಶ್ವಾಸಕೋಶಕ್ಕೆ ಕೇಡು. ನಾಲ್ಕು ಜಾಡಿಯನ್ನೂ ಸುರಿದೆ.

ಸುರಿದಿದ್ದಕ್ಕೆ ಬೇಜಾರಿಲ್ಲ. ಅಜೀರ್ಣಕ್ಕೆ ಯಾವುದೋ ಔಷಧಿ ಸೊಪ್ಪು ಎಂದು ಅಮ್ಮನಿಗೆ ಹೇಳಿಬಿಟ್ಟೆ, ಅದಕ್ಕೆ ಬೇಜಾರು. ಇಲ್ಲಿ ಕಾನೂನು ಹೀಗಿದೆ ಎಂದು ಕೂರಿಸಿ ಹೇಳಿದ್ದರೆ ಮುಗಿಯುತ್ತಿತ್ತು. ನಲವತ್ತು ದಾಟಿದವನು ಹದಿನಾರರ ಹುಡುಗನ ಹಾಗೆ ಸುಳ್ಳು ಹೇಳಿದೆ. ಅವಳು ಹೂಂ ಅಂದಳು. ಆರು ತಿಂಗಳು ಇರುತ್ತೇನೆ ಎಂದು ಬಂದವಳು ನಾಲ್ಕಕ್ಕೇ, ಮಳೆಗಾಲ, ತೋಟ ನೋಡೋರಿಲ್ಲ ಎಂದು ಹೊರಟಳು. ಏರ್‌ಪೋರ್ಟಿನ ದಾರಿಯಲ್ಲಿ ಕಿಟಕಿ ಕಡೆ ನೋಡುತ್ತಾ, "ಊರಲ್ಲಿ ಕೆಳಗಿನ ಮನೆ ಹುಡುಗನ್ನ ಜೀಪಲ್ಲಿ ಕೂರಿಸ್ಕೊಂಡು ಹೋದ್ರಲ್ಲ, ನಿನ್ನ ಔಷಧಿಗೇ ಅಲ್ವೇನೋ" ಅಂದಳು. ಆ ಹುಡುಗ ನನ್ನ ಜೊತೆ ಓದಿದವನು. ನಮ್ಮ ಕಡೆ ಇವತ್ತಿಗೂ ಒಂದು ಗಿಡ ಬೆಳೆಸಿದರೂ 1985ರ ಕಾನೂನಿನಲ್ಲಿ ಹತ್ತು ವರ್ಷದವರೆಗೆ ಜೈಲು ಇದೆ. ಅದಾದ ಮೇಲೆ ಫೋನಿನಲ್ಲಿ ಅವಳೂ ಆ ಮಾತು ಎತ್ತಿಲ್ಲ, ನಾನೂ ಎತ್ತಿಲ್ಲ.

ಟೆಂಟಿನಲ್ಲಿ ಈಗ ಕರಿಬೇವು ಇದೆ, ಜನವರಿಯಲ್ಲೂ ಚಿಗುರುತ್ತದೆ. ಕರಾರು ಓದಿ, ಮನೆ ಓನರ್ ಹತ್ತಿರ ಕೇಳಿ, ಆಮೇಲೂ ಬೇಕು ಅನಿಸಿದರೆ ಒಂದು ಭಾನುವಾರ ಬಂದು ಟೆಂಟ್, ಲೈಟ್ ಎರಡನ್ನೂ ತೆಗೆದುಕೊಂಡು ಹೋಗು, ದುಡ್ಡು ಬೇಡ. ಕರಿಬೇವಿನ ಕುಂಡ ಮಾತ್ರ ಕೊಡುವುದಿಲ್ಲ.