ಪುಸ್ತಕ ಜೋಡಿಸೋಕೂ ಒಂದು ಡಿಗ್ರೀನಾ?

ಗ್ರಂಥಾಲಯ ವಿಜ್ಞಾನ ಓದುವ ಮಕ್ಕಳು ಆಪ್ತಸಲಹೆಗೆಂದು ಬಂದು ನನ್ನೆದುರು ಕೂತು ಹೇಳಿಕೊಳ್ಳುವ ನೋವು ಹೆಚ್ಚುಕಡಿಮೆ ಒಂದೇ. ಬೇರೆಲ್ಲೂ ಸೀಟು ಸಿಗದವರ ಕೋರ್ಸು, ಕೂತು ಸೀಲು ಹಾಕುವ ಕೆಲಸ, ಬಾಯಿ ಬಾರದವರಿಗೆ ಹೇಳಿಮಾಡಿಸಿದ ಜಾಗ. ಮದುವೆಮನೆಯಲ್ಲಿ, ಹಾಸ್ಟೆಲಿನಲ್ಲಿ ಇದನ್ನೇ ಕೇಳಿ ಕೇಳಿ ಕೊನೆಗೆ ಅವರೇ ನಂಬಿಬಿಡುತ್ತಾರೆ. ಈ ಪ್ರಕರಣ ಬರೆಯುತ್ತಿರುವುದು ಅದಕ್ಕೇ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಆಕೆ ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿ ಎಂ.ಲಿಬ್‌ನ ಕೊನೆಯ ವರ್ಷದಲ್ಲಿದ್ದಳು. ಊಟ ಸೇರುತ್ತಿರಲಿಲ್ಲ, ಕ್ಲಾಸು ತಪ್ಪುತ್ತಿತ್ತು. ಬಿಟ್ಟು ಬಿ.ಎಡ್ ಸೇರು ಎಂದು ಅಪ್ಪನ ಒತ್ತಾಯ.

"ಆಗಸ್ಟ್ 12, ಗ್ರಂಥಪಾಲಕರ ದಿನಕ್ಕೆ ನಮ್ಮ ವಿಷಯದ ಪಿತಾಮಹ ರಂಗನಾಥನ್ ಫೋಟೊಗೆ ಹಾರ ಹಾಕ್ತೀವಿ ಮೇಡಂ. ಗಣಿತದ ಮೇಷ್ಟ್ರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಯನ್ ಆದ್ರು, 1931ರಲ್ಲಿ ಗ್ರಂಥಾಲಯಗಳಿಗೆ ಪಂಚಸೂತ್ರ ಕೊಟ್ರು ಅಂತ ಭಾಷಣ ಆಗುತ್ತೆ. ಮನೇಲಿ ಹೇಳಿದ್ರೆ ಅಪ್ಪ, 'ಅವರು ದೊಡ್ಡವರು, ನೀನು ಮಾತಾಡೋಕೆ ಬರಲ್ಲ ಅಂತ ತಾನೇ ಅಲ್ಲಿಗೆ ಹೋಗಿದ್ದು' ಅಂತಾರೆ."

ನಾನು ಸಮಾಧಾನ ಹೇಳಲು ಹೋಗಲಿಲ್ಲ. ತಾಲ್ಲೂಕು ಗ್ರಂಥಾಲಯದಲ್ಲಿ ತರಬೇತಿಗಿದ್ದಾಗ ನಿನ್ನ ಮೇಜಿಗೆ ಬಂದ ಯಾರಾದರೊಬ್ಬರ ವಿಷಯ ಹೇಳು ಎಂದೆ.

ವಯಸ್ಸಾದವರೊಬ್ಬರು ಬಂದು ಕಾನೂನು ಪುಸ್ತಕ ಕೊಡಮ್ಮ ಎಂದರಂತೆ. ಕಪಾಟು ತೋರಿಸಿ ಕಳಿಸಬಹುದಿತ್ತು. ಈಕೆ ಕೂರಿಸಿ, ಯಾವುದಕ್ಕೆ ತಾತ ಎಂದು ಕೇಳಿದಳು. ಜಮೀನಿನದು ಎಂದರು. ತಕರಾರು ಇದೆಯಾ? ಇಲ್ಲ. ಪಹಣಿ ಯಾರ ಹೆಸರಲ್ಲಿದೆ? ತೀರಿಹೋದ ಅಪ್ಪನ ಹೆಸರಲ್ಲೇ ಇತ್ತು. ಅವರಿಗೆ ಬೇಕಿದ್ದದ್ದು ಪೌತಿ ಖಾತೆ, ಅಂದರೆ ತೀರಿಹೋದವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಮರಣ ಪ್ರಮಾಣಪತ್ರ, ವಂಶವೃಕ್ಷ ಹೊಂದಿಸಿಕೊಂಡು ನಾಡಕಚೇರಿಗೆ ಹೋಗಿ ಎಂದು ಚೀಟಿಯಲ್ಲಿ ಬರೆದುಕೊಟ್ಟಳು.

"ಅವರು ಕೇಳಿದ್ದು ಪುಸ್ತಕ, ಬೇಕಿದ್ದದ್ದು ಪುಸ್ತಕ ಅಲ್ಲ ಮೇಡಂ," ಎಂದಳು. ಅಷ್ಟು ಹೊತ್ತೂ ನೆಲ ನೋಡುತ್ತಿದ್ದವಳು ಆಗ ನನ್ನ ಮುಖ ನೋಡಿದಳು. "ಅವತ್ತು ನಾನೇ ಜಾಸ್ತಿ ಮಾತಾಡಿದ್ದು."

ಇದನ್ನು ಅವರ ಪಾಠದಲ್ಲಿ ರೆಫರೆನ್ಸ್ ಇಂಟರ್‌ವ್ಯೂ ಎನ್ನುತ್ತಾರೆ. ಜನ ಬಾಯಲ್ಲಿ ಕೇಳುವುದರ ಹಿಂದೆ ನಿಜವಾಗಿ ಏನು ಬೇಕಾಗಿದೆ ಎಂದು ತಾಳ್ಮೆಯಿಂದ ತಿಳಿಯುವುದು ಆಪ್ತಸಲಹೆಯಲ್ಲೂ ಮೊದಲ ಪಾಠ. ಅದು ಕೈಗೂಡಿದ ಹುಡುಗಿಯನ್ನು ಬಾಯಿಲ್ಲದವಳು ಎಂದು ಮನೆಯವರೇ ತೀರ್ಮಾನಿಸಿದ್ದರು. ಮೌನಿಗಳಿಗೆ ಗ್ರಂಥಾಲಯ ಎಂಬ ಈ ನಂಬಿಕೆಯಿಂದ ಆಗುವ ಹಾನಿ ಇದೇ.

ಕೋರ್ಸು ಬಿಡಬೇಡ ಎಂದೆ. ಯಾರಾದರೂ ಕೇಳಿದರೆ "ಬರೀ ಲೈಬ್ರರಿ ಸೈನ್ಸ್" ಎನ್ನದೆ ಆ ತಾತನ ಕೆಲಸವನ್ನು ಹೇಳು ಎಂದೆ. ಅಪ್ಪನಿಗೆ ರಂಗನಾಥನ್ ಕತೆ ಬೇಡ, ಒಂದು ದಿನ ಮೇಜಿನ ಪಕ್ಕ ಕೂರಿಸಿಕೋ.

ನೌಕರಿ ಕಷ್ಟವಿರುವಾಗ ಇಂಥ ಸಲಹೆ ಸರಿಯೇ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಕಷ್ಟವನ್ನು ನಾನು ಮುಚ್ಚಿಡಲಿಲ್ಲ. ಕಾಲೇಜು ಹುದ್ದೆಗಳಿಗೆ ಎನ್‌ಇಟಿ ಇಲ್ಲವೇ ಕೆ-ಸೆಟ್ ಅರ್ಹತಾ ಪರೀಕ್ಷೆ ಬರೆಯಬೇಕು, ಕೋಹಾ, ಡಿಸ್ಪೇಸ್‌ನಂಥ ಗ್ರಂಥಾಲಯ ತಂತ್ರಾಂಶಗಳಲ್ಲಿ ಕೈ ಪಳಗಬೇಕು, ಕಾಯಂ ನೇಮಕಾತಿಗೆ ಕಾಯಬೇಕಾದೀತು ಎಂದು ಆಕೆಗೂ ಅಪ್ಪನಿಗೂ ಎದುರಿಗೇ ಹೇಳಿದೆ. ಆದರೆ ನೌಕರಿಯ ಚಿಂತೆಗೆ ಉತ್ತರ ತಯಾರಿ. ನಾಚಿಕೆಯಿಂದ ಬಿ.ಎಡ್‌ಗೆ ಓಡಿದ್ದರೆ ಆ ನಾಚಿಕೆಯೂ ಅಲ್ಲಿಗೆ ಜೊತೆಗೆ ಬರುತ್ತಿತ್ತು.

ಅಪ್ಪ ಪೂರ್ತಿ ಒಪ್ಪಿಲ್ಲ. ಪರೀಕ್ಷೆ ಬರೆಯಲಿ, ಆಮೇಲೆ ನೋಡೋಣ ಎಂದಿದ್ದಾರೆ. ಆಕೆ ಈಗ ಕ್ಲಾಸಿಗೆ ಹೋಗುತ್ತಿದ್ದಾಳೆ.