ಮೀನು ಮೇಲೆ ಬಂದು ಬಾಯಿ ಬಿಡ್ತಿದ್ರೆ ಬ್ಯಾಕ್ಟೀರಿಯಾ ಪುಡಿ ಹಾಕಬಹುದಾ?

ಮೋಡ ಮುಚ್ಚಿದಾಗಿನಿಂದ ಬೆಳಗಿನ ಜಾವ ಕಾಟ್ಲಾ ಮೇಲೆ ಬಂದು ಬಾಯಿ ಬಿಡುತ್ತಿವೆ, ಅಂಗಡಿಯವರು ಪ್ರೋಬಯಾಟಿಕ್ ಪುಡಿ ಹಾಕಿ ಅಂತಾರೆ, ಹಾಕಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ. ಮೊದಲು ಪಂಪು ಹಚ್ಚಿ. ಹೊಂಡದ ನೀರನ್ನೇ ಎತ್ತಿ ಮಳೆ ಹೊಯ್ದ ಹಾಗೆ ಮೇಲಿಂದ ಬೀಳಿಸಿ. ಬೋರ್‌ವೆಲ್ ನೀರಾದರೂ ಅಷ್ಟೇ, ಪೈಪು ಮುಳುಗಿಸಿ ಬಿಡಬೇಡಿ. ನೆಲದೊಳಗಿಂದ ಬರುವ ನೀರಲ್ಲಿ ಆಮ್ಲಜನಕ ಕಡಿಮೆ.

ನಾನು ಆ ಪುಡಿ ಹಾಕಿಯೇ ಕೆಟ್ಟವನು. ಒಂದು ಮುಂಗಾರಿನಲ್ಲಿ ನಾಲ್ಕು ದಿನ ಬಿಸಿಲೇ ಇರಲಿಲ್ಲ. ಸಂಜೆ ಪುಡಿಯನ್ನು ಬೆಲ್ಲದ ನೀರಲ್ಲಿ ಕಲಸಿ ಹೊಂಡಕ್ಕೆಲ್ಲ ಎರಚಿ, ಮನೆಗೆ ಬಂದು ನೆಮ್ಮದಿಯಾಗಿ ಮಲಗಿದೆ. ಬೆಳಿಗ್ಗೆ ನೋಡಿದರೆ ದಡದುದ್ದಕ್ಕೂ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಸತ್ತ ಮೇಲೂ ಬಾಯಿ ತೆರೆದೇ ಇತ್ತು, ಕಿವಿರು ಅಗಲಿಸಿಕೊಂಡಿತ್ತು.

ಪಾಚಿ ಹಗಲು ಬಿಸಿಲಿದ್ದರೆ ಆಮ್ಲಜನಕ ಕೊಡುತ್ತೆ, ರಾತ್ರಿ ತಾನೇ ಉಸಿರಾಡಿ ಅದನ್ನು ಖರ್ಚು ಮಾಡುತ್ತೆ. ಹಾಗಾಗಿ ಸೂರ್ಯ ಹುಟ್ಟುವ ಮುಂಚೆ ನೀರಲ್ಲಿ ಅದು ತೀರಾ ಕಡಿಮೆ. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಒಳ್ಳೆಯದು, 3ಕ್ಕಿಂತ ಇಳಿದರೆ ಮೀನಿಗೆ ಕಷ್ಟ. ಪುಡಿಯಲ್ಲಿರುವ ಬ್ಯಾಕ್ಟೀರಿಯಾಕ್ಕೂ ಉಸಿರು ಬೇಕಲ್ವಾ? ಬೆಲ್ಲ ತಿಂದು ಅವು ಹೆಚ್ಚಿದಷ್ಟೂ ಮೀನಿನ ಪಾಲು ಕಡಿಮೆ.

ಪುಡಿ ಅಮೋನಿಯಾ ಕರಗಿಸುತ್ತೆ ಅಂತಾರೆ, ಅಂದರೆ ಮೀನಿನ ಹೊಲಸು, ಕೊಳೆತ ಮೇವಿನಿಂದ ನೀರಿಗೆ ಸೇರೋ ವಿಷ. ಅದನ್ನು ಕರಗಿಸೋ ಬ್ಯಾಕ್ಟೀರಿಯಾ ನಿಮ್ಮ ಹೊಂಡದ ಕೆಸರಲ್ಲಿ ಈಗಾಗಲೇ ಇವೆ. ಅವು ಅಮೋನಿಯಾವನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ನಿಧಾನಕ್ಕೆ ಬೆಳೆಯುತ್ತವೆ, ಗಾಳಿ ಇಲ್ಲದಿದ್ದರೆ ಕೆಲಸ ನಿಲ್ಲಿಸುತ್ತವೆ. ಅವುಗಳ ಮೇಲೆ ಹೊರೆ ಹಾಕುವವರು ನಾವೇ, ತಿನ್ನದೆ ಉಳಿಯುವಷ್ಟು ತೌಡು, ಹಿಂಡಿ ಸುರಿದು. ನಾನೀಗ ತೂತು ಮಾಡಿದ ಚೀಲದಲ್ಲಿ ಮೇವು ತುಂಬಿ ಬಿದಿರಿಗೆ ಕಟ್ಟುತ್ತೇನೆ. ಸಂಜೆ ಚೀಲ ಎತ್ತಿದಾಗ ಉಳಿದಿದ್ದರೆ ಮರುದಿನ ಅಷ್ಟು ಕಡಿಮೆ. ಮೋಡ ಇದ್ದರೆ ಅರ್ಧ, ಬಾಯಿ ಬಿಡುತ್ತಿದ್ದರೆ ಪೂರ್ತಿ ಬಂದ್.

ಇನ್ನು ಯಾರಾದರೂ ಸುಣ್ಣ ಹಾಕು ಅಂದೇ ಅಂತಾರೆ. ಸುಣ್ಣ ಒಳ್ಳೆಯದೇ. ಆದರೆ ಅಮೋನಿಯಾ ಜಾಸ್ತಿ ಇರುವಾಗ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಏರಿಸಿದರೆ ಅದರ ವಿಷ ಇನ್ನೂ ಹೆಚ್ಚುತ್ತೆ. ಕಿಟ್‌ನಲ್ಲಿ ಪರೀಕ್ಷೆ ಮಾಡಿಯೇ ಹಾಕಿ.

ಪುಡಿ ಹಾಕಲೇಬೇಕು ಅನಿಸಿದರೆ ಬಿಸಿಲು ಬಂದ ದಿನ ಬೆಳಿಗ್ಗೆ ಹತ್ತರ ಮೇಲೆ, ಏರೇಟರ್ (ನೀರಿಗೆ ಗಾಳಿ ಬೆರೆಸೋ ಯಂತ್ರ) ಓಡಿಸಿಕೊಂಡು ಹಾಕಿ. ಬ್ಲೀಚಿಂಗ್ ಪೌಡರ್ ಹಾಕಿದ ಬೆನ್ನಲ್ಲೇ ಹಾಕಿದರೆ ಸುಮ್ನೆ ದುಡ್ಡು ದಂಡ, ಎಲ್ಲ ಸಾಯುತ್ತವೆ.

ಇವತ್ತು ಮೇವು ಹಾಕಬೇಡಿ. ನಾಳೆ ನಾಲ್ಕೂವರೆಗೆ ಟಾರ್ಚ್ ಹಿಡಿದು ಹೋಗಿ, ಕಾಟ್ಲಾ ಒಂದೇನಾ ಅಥವಾ ತಳದಲ್ಲಿರೋ ಮೃಗಾಲ್ ಕೂಡ ಮೇಲೆ ಬಂದಿದೆಯಾ ನೋಡಿ ಇಲ್ಲಿ ಬರೆಯಿರಿ.