ಸೊಟ್ಟ ನೆಲ, ತಗ್ಗಿನ ಬಾಗಿಲು: ಇಂಗ್ಲೆಂಡಿನ ಹಳೇ ಇನ್‌ಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ಮಗ ಇಂಗ್ಲೆಂಡಿನಲ್ಲಿದ್ದಾನೆ. ನಾವು ಹೋದಾಗ ಅಲ್ಲಿನ ಹಳ್ಳಿಯೊಂದರ ಹಳೇ ಇನ್‌ನಲ್ಲಿ ಎರಡು ರಾತ್ರಿ ಉಳಿಯೋಣ ಅಂತಾನೆ. ಇನ್ ಅಂದರೆ ಊಟ, ಕುಡಿತ, ಮಲಗಲು ರೂಮು ಎಲ್ಲ ಸಿಗುವ ಜಾಗ, ಇದನ್ನು ಒಂದೇ ಕುಟುಂಬ ನಡೆಸುತ್ತದಂತೆ. ಫೋಟೋ ನೋಡಿದರೆ ನೆಲ ಇಳಿಜಾರು, ತೊಲೆ ಬಾಗಿದೆ, ಲಿಫ್ಟ್ ಇಲ್ಲ. ಅದೇ ದುಡ್ಡಿಗೆ ಒಳ್ಳೆಯ ಹೋಟೆಲೇ ಸಿಗುತ್ತದೆ. ಅಂಥದ್ದೇನಿದೆ ಅಲ್ಲಿ?

ಉತ್ತರ: ಖಂಡಿತ ಹೋಗಿ. ಮೊದಲು ನೆಲದ ಭಯ ಬಿಡಿ. ಆ ಕಾಲದಲ್ಲಿ ಇಂಥ ಮನೆಗಳನ್ನು ಕಟ್ಟುತ್ತಿದ್ದದ್ದು ಹಸಿ ಓಕ್ ಮರದಲ್ಲಿ. ಒಣಗಿದ ಓಕ್ ವಿಪರೀತ ಗಟ್ಟಿ, ಉಳಿ ಸುಲಭಕ್ಕೆ ಇಳಿಯುವುದಿಲ್ಲ. ಅದಕ್ಕೇ ಕಡಿದ ಹೊಸದರಲ್ಲೇ ಕೊಯ್ದು, ಕೀಲು ಕೂಡಿಸಿ, ಮರದ ಗೂಟ ಹೊಡೆದು ನಿಲ್ಲಿಸುತ್ತಿದ್ದರು. ಮರ ಮನೆಯಲ್ಲೇ ವರ್ಷಗಟ್ಟಲೆ ಒಣಗುತ್ತಾ ಕುಗ್ಗಿತು, ತಿರುಚಿಕೊಂಡಿತು, ಅದರ ಜೊತೆಗೆ ಗೋಡೆ, ನೆಲ, ಬಾಗಿಲ ಚೌಕಟ್ಟು ಎಲ್ಲವೂ ಒಂದಿಷ್ಟು ವಾಲಿದವು. ಆ ಬಾಗಾಟ ಬಹುಪಾಲು ಎಂದೋ ಮುಗಿದಿದೆ. ನೀವು ಫೋಟೋದಲ್ಲಿ ನೋಡಿದ್ದು ಬೀಳುತ್ತಿರುವ ಮನೆಯಲ್ಲ, ಬಾಗಿಯೂ ನೂರಾರು ವರ್ಷ ನಿಂತ ಮನೆ.

ಇನ್ನು ಕುಟುಂಬದ ವಿಷಯ. ನನ್ನ ಮಟ್ಟಿಗೆ ಇದೇ ಮುಖ್ಯ. ಇಂಥ ಮನೆಯಲ್ಲಿ ಬೀರುವಿನ ಮುಂದಿನ ಕಾಲಿನ ಕೆಳಗೆ ಮರದ ತುಂಡು ಕೊಟ್ಟಿರುತ್ತಾರೆ, ಒಮ್ಮೆ ಗಮನಿಸಿ. ಇಲ್ಲದಿದ್ದರೆ ಇಳಿಜಾರಿಗೆ ಬೀರುವಿನ ಬಾಗಿಲು ತಾನಾಗೇ ತೆರೆದುಕೊಳ್ಳುತ್ತದೆ. ಯಾವ ಕಾಲಿಗೆ ಎಷ್ಟು ದಪ್ಪದ ತುಂಡು ಬೇಕು, ಯಾವ ಮೆಟ್ಟಿಲು ಉಳಿದವಕ್ಕಿಂತ ಎತ್ತರ, ಯಾವ ಕಿಟಕಿಯನ್ನು ಸ್ವಲ್ಪ ಎತ್ತಿ ನೂಕಿದರೆ ಮಾತ್ರ ಮುಚ್ಚುತ್ತದೆ, ಇವೆಲ್ಲ ಗೊತ್ತಿರುವುದು ಅಲ್ಲೇ ಬದುಕುವವರಿಗೆ. ರೂಮಿನವರೆಗೆ ಬಂದು 'ಇಲ್ಲಿ ತಲೆ ತಗ್ಗಿಸಿ' ಅನ್ನುವವರೇ ಬೆಳಿಗ್ಗೆ ತಿಂಡಿ ತಂದಿಡುತ್ತಾರೆ. ಅಜ್ಜಿ ಇಟ್ಟ ಪಿಂಗಾಣಿ ತಟ್ಟೆ, ಮೊಮ್ಮಗ ತಂದ ಹೊಸ ಕಾಫಿ ಮೆಷೀನು, ಅಗ್ಗಿಷ್ಟಿಕೆ ಎದುರು ಮಲಗಿದ ನಾಯಿ, ಎಲ್ಲ ಒಂದೇ ಕೋಣೆಯಲ್ಲಿ. ಒಂದಕ್ಕೊಂದು ಹೊಂದಬೇಕು ಅಂತ ಯಾರೂ ಕೂತು ಯೋಚಿಸಿಲ್ಲ, ಅದೇ ಚೆನ್ನ. ದೊಡ್ಡ ಹೋಟೆಲಿನಲ್ಲಿ ಇದು ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಅಂಗಳದೊಳಗೆ ಹೋಗುವ ಎತ್ತರದ ಕಮಾನನ್ನೂ ನೋಡಿ. ಸಾರೋಟು ಒಳಗೆ ಬರಲು ಮಾಡಿದ್ದು. 1784ರಲ್ಲಿ ಬ್ರಿಸ್ಟಲ್‌ನಿಂದ ಲಂಡನ್ನಿಗೆ ಅಂಚೆ ಸಾರೋಟು ಶುರುವಾಯಿತು. ಸುಮಾರು 10 ಮೈಲಿಗೊಮ್ಮೆ ಕುದುರೆ ಬದಲಿಸಬೇಕು, ಆದ್ದರಿಂದ ಹೆದ್ದಾರಿಯುದ್ದಕ್ಕೂ ಇನ್‌ಗಳು, ಹಿಂದೆ ಲಾಯ. 1830ರ ನಂತರ ರೈಲು ಹಬ್ಬುತ್ತಾ ಹೋದಂತೆ ಆ ಗಿರಾಕಿಗಳೆಲ್ಲ ರೈಲು ಹತ್ತಿದರು, ಎಷ್ಟೋ ಇನ್‌ಗಳು ಬಾಗಿಲು ಹಾಕಿದವು. ಉಳಿದವುಗಳಲ್ಲಿ ಹಲವು ಕಡೆ ಲಾಯವೇ ಈಗ ಮಲಗುವ ಕೋಣೆ. ನಿಮಗೆ ಮಂಡಿ ನೋವಿದ್ದರೆ ಅಂಥ ನೆಲಮಟ್ಟದ ರೂಮನ್ನೇ ಕೇಳಿ, ಮೆಟ್ಟಿಲ ಗೋಜೇ ಇಲ್ಲ.

ಪ್ರಶ್ನೆ: ನಾವು ಉಳಿದ ಇನ್‌ನಲ್ಲಿ ಕಿಟಕಿಗೆ ಒಂದೇ ಪದರ ಗಾಜು, ರಾತ್ರಿಯೆಲ್ಲ ಚಳಿ. ಬಾತ್‌ರೂಮು ಓಣಿಯ ಆ ತುದಿಯಲ್ಲಿ. ಬಾಡಿಗೆ ಮಾತ್ರ ಕಮ್ಮಿಯಿರಲಿಲ್ಲ. ರಿಪೇರಿ ಮಾಡಿಸಲು ಏನು ಕಷ್ಟ?

ಉತ್ತರ: ಚಳಿಯಲ್ಲಿ ನಡುಗಿದ ನಿಮ್ಮ ಸಿಟ್ಟು ನ್ಯಾಯವೇ. ಇನ್ನೊಂದು ಹೊದಿಕೆ ಕೊಡಲು ಯಾವ ಕಾನೂನೂ ಅಡ್ಡಿಯಿಲ್ಲ! ಆದರೆ ಕಿಟಕಿಯ ಮಾತು ಬೇರೆ. ಇಂಥ ಕಟ್ಟಡಗಳಲ್ಲಿ ಹೆಚ್ಚಿನವು ಸರ್ಕಾರದ ಸಂರಕ್ಷಿತ ಪಟ್ಟಿಯಲ್ಲಿರುತ್ತವೆ. 1990ರ ಕಾಯ್ದೆಯ ಪ್ರಕಾರ ಅಂಥ ಕಟ್ಟಡದ ಸ್ವರೂಪ ಬದಲಾಗುವ ಕೆಲಸಕ್ಕೆ, ಒಳಗಿನದ್ದಕ್ಕೂ, ಮೊದಲೇ ಸ್ಥಳೀಯ ಆಡಳಿತದ ಒಪ್ಪಿಗೆ ಬೇಕು. ಕೇಳದೆ ಮಾಡಿದರೆ ಅಪರಾಧ. ಹಳೇ ಗೋಡೆ ಒಡೆದು ಪೈಪು ಎಳೆಯುವುದು ಸುಲಭದ ಮಾತಲ್ಲ, ಅದಕ್ಕೇ ಬಾತ್‌ರೂಮು ಎಲ್ಲೆಲ್ಲೋ ಇರುತ್ತದೆ. ಮುಂದಿನ ಸಲ ಬುಕ್ ಮಾಡುವ ಮೊದಲು ಫೋನ್ ಮಾಡಿ. ಬಾತ್‌ರೂಮು ರೂಮಿನೊಳಗಿದೆಯಾ, ಕೆಳಗೆ ಬಾರ್ ಇದೆಯಾ, ಅಡುಗೆಮನೆ ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಸಸ್ಯಾಹಾರ ಸಿಗುತ್ತದಾ ಅಂತ ಕೇಳಿ. ಮನೆಯವರೇ ನಡೆಸುವ ಕಡೆ ರಾತ್ರಿ ಒಂಬತ್ತರ ಮೇಲೆ ಬಿಸಿ ಊಟ ಸಿಗದೇ ಇರಬಹುದು.

ಪ್ರಶ್ನೆ: ಊರೂರಿಗೂ 'ವೈಟ್ ಹಾರ್ಟ್' ಅನ್ನೋ ಇನ್ ಯಾಕೆ?

ಉತ್ತರ: ಇಲ್ಲಿ 'ಹಾರ್ಟ್' ಅಂದರೆ ಹೃದಯವಲ್ಲ, ಗಂಡು ಜಿಂಕೆ. ಬಿಳಿ ಜಿಂಕೆ ಇಂಗ್ಲೆಂಡಿನ ಎರಡನೇ ರಿಚರ್ಡ್ ದೊರೆಯ ಲಾಂಛನ. 1393ರಲ್ಲಿ ಅವನ ಆಳ್ವಿಕೆಯಲ್ಲೇ ಏಲ್ (ಒಂದು ಬಗೆಯ ಬಿಯರ್) ಮಾರುವವರು ಹೊರಗೆ ಗುರುತಿನ ಫಲಕ ಹಾಕಬೇಕು ಅಂತ ನಿಯಮ ಬಂತು. ಎಷ್ಟೋ ಇನ್‌ಗಳು ದೊರೆಯ ಜಿಂಕೆಯನ್ನೇ ಫಲಕಕ್ಕೆ ಹಾಕಿಕೊಂಡವು, ಓದು ಬಾರದ ಜನರಿಗೆ ಚಿತ್ರ ಸಾಕಾಗುತ್ತಿತ್ತು.

ಪ್ರಶ್ನೆ: ನೋಡಲೇಬೇಕಾದ ಒಂದೆರಡು ಇನ್ ಹೇಳಿ. ನಿಜಕ್ಕೂ ಮನೆಯವರೇ ನಡೆಸುವುದನ್ನು ಹುಡುಕುವುದು ಹೇಗೆ?

ಉತ್ತರ: ಸಸೆಕ್ಸ್‌ನ ರೈ ಊರಿನ ಮರ್ಮೇಡ್ ಇನ್ ನೋಡಿ. ಮನೆಯನ್ನು ಮತ್ತೆ ಕಟ್ಟಿದ್ದು 1420ರಲ್ಲಿ, ನೆಲಮಾಳಿಗೆ ಅದಕ್ಕಿಂತ ಹಳೆಯದು. 1740ರ ದಶಕದಲ್ಲಿ ಹಾಕ್‌ಹರ್ಸ್ಟ್ ಗ್ಯಾಂಗಿನ ಕಳ್ಳಸಾಗಣೆದಾರರು ಪಿಸ್ತೂಲನ್ನು ಮೇಜಿನ ಮೇಲಿಟ್ಟೇ ಕುಡಿಯುತ್ತಿದ್ದರು ಅನ್ನುತ್ತಾರೆ. ಲಂಡನ್ನಿನ ಸದಕ್‌ನಲ್ಲಿ ಜಾರ್ಜ್ ಇನ್ ಇದೆ. 1677ರಲ್ಲಿ ಕಟ್ಟಿದ್ದು, ಅಂಗಳಕ್ಕೆ ತೆರೆದ ಮರದ ಮೊಗಸಾಲೆಗಳಿರುವ ಸಾರೋಟು ಇನ್‌ಗಳಲ್ಲಿ ಲಂಡನ್ನಿನಲ್ಲಿ ಉಳಿದಿರುವುದು ಇದೊಂದೇ. ಈಗ ಹಳೇ ಕಟ್ಟಡ, ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಆಸ್ತಿ.

ಎರಡೂ ಪ್ರಸಿದ್ಧ, ಜನ ಜಾಸ್ತಿ. ನಿಮಗೆ ಬೇಕಾದ್ದು ಸಣ್ಣ ಊರುಗಳಲ್ಲಿದೆ. ಹೊರಗೆ 'ಫ್ರೀ ಹೌಸ್' ಅಂತ ಫಲಕವಿದ್ದರೆ ಆ ಜಾಗ ಯಾವುದೇ ಬಿಯರ್ ಕಂಪನಿಯ ಹಂಗಿನಲ್ಲಿಲ್ಲ ಅಂತ ಅರ್ಥ. ಕುಟುಂಬದ್ದೇ ಅನ್ನುವುದಕ್ಕೆ ಅಷ್ಟೇ ಸಾಕಾಗಲ್ಲ, ಆದರೆ ಹುಡುಕಾಟ ಅಲ್ಲಿಂದ ಶುರು ಮಾಡಬಹುದು. ಆಮೇಲೆ ಫೋನ್ ಮಾಡಿ, ತಿಂಡಿ ಯಾರು ಮಾಡುತ್ತಾರೆ ಅಂತ ಕೇಳಿ. 'ನಾನೇ' ಅಂತ ಉತ್ತರ ಬಂದರೆ ಆ ರೂಮನ್ನು ಆಗಲೇ ಬುಕ್ ಮಾಡಿಬಿಡಿ.